ಒಂದು ಮುಷ್ಟಿ ಡ್ರೈವರ್

ನೀವು ಇದನ್ನು ನಂಬುವುದಿಲ್ಲ. ನಂಬಿ ಎಂದು ನಾನು ಕೈಮುಗಿಯುವುದೂ ಇಲ್ಲ. ‘ಈ ಹುಡುಗ ಬಂಡಲ್ ಬಿಡ್ತಾನ’ ಎನ್ನುವವರು ಈಗಲೇ ಅಂದು ಮುಗಿಸಿಬಿಡಿ. ಮುಂದೆ ನಗುವುದಕ್ಕೂ ನನ್ನ ಮೇಲೆ ಕನಿಕರಪಡುವುದಕ್ಕೂ ನಿಮಗೆ ಪುರಸೊತ್ತು ಬೇಕಾಗುತ್ತದೆ. ಕಳೆದ ವರ್ಷ ಪಿಯುಸಿಯಲ್ಲಿ ಓದುತ್ತಿದ್ದ, ಅಂದರೆ ಓದುತ್ತಿದ್ದಾನೆ ಎಂದು ಮನೆಯವರು ತಿಳಿದಿದ್ದ ನಾನು, ಆಳಂದದ ಬಜಾರಿನ ದಲಾಲಿ ಅಂಗಡಿಯ ಮಾಳಿಗೆ ಮೇಲೆ ತೊಗರಿ ಚೀಲಗಳ ನಡುವೆ ಕೂತು, ಜಗತ್ತಿನ ಕಂಪ್ಯೂಟರುಗಳ ಹೊಟ್ಟೆಯೊಳಗೆ ನನ್ನ ಹೆಸರು ಬರೆಯಲು ಹೊರಟಿದ್ದೆ. ಇನ್ನೇನು ಬರೆದೂಬಿಟ್ಟಿದ್ದೆ.

ಅಂಗಡಿ ಅಪ್ಪನದು. ಹಿರೋಳ್ಳಿಯ ಕಡೆಯಿಂದ ರೈತರು ತೊಗರಿ ತರುತ್ತಾರೆ, ಸೊಲ್ಲಾಪುರದ ಕಡೆಯಿಂದ ಖರೀದಿದಾರರು ಬರುತ್ತಾರೆ, ಇಬ್ಬರ ನಡುವೆ ಅಪ್ಪ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತಿರುತ್ತಾರೆ. ಯಾರೋ ಹೇಳಿದರೆಂದು ಅಂಗಡಿಗೆ ಒಂದು ಕಂಪ್ಯೂಟರ್ ತಂದರು. ಲೆಕ್ಕ ಬರೆಯುವ ನಮ್ಮ ಮುನೀಮರು ಅದನ್ನು ಮೂಲೆಯಲ್ಲಿ ನಿಂತು ನೋಡಿ, "ಸಾವಕಾರ್ರ, ಇದಕ್ಕ ಮುಂಜಾನೆದ್ದು ಊದಿನಕಡ್ಡಿ ಹಚ್ಚೂದು ಆಗ್ತದ್ರಿ. ಮುಟ್ಟೂದು ಮಾತ್ರ ನನ್ನ ಕೈಲೆ ಆಗಂಗಿಲ್ಲ" ಎಂದರು. ಒಂದು ವಾರ ಅದಕ್ಕೆ ನಿಜವಾಗಿಯೂ ಊದಿನಕಡ್ಡಿ ಹಚ್ಚಿದರು. ಹೊಗೆ ಕುಡಿದು ಕುಡಿದು ಅದು ಕೆಮ್ಮುವುದಕ್ಕೆ ಮುಂಚೆ ನಾನು ಅದನ್ನು ಮಾಳಿಗೆಗೆ ಏರಿಸಿಕೊಂಡೆ.

ಅದರೊಳಗೆ ಒಂದು ಸೌಂಡ್ ಕಾರ್ಡ್ ಇತ್ತು. ಕಂಪ್ಯೂಟರಿಗೆ ದನಿ ಕೊಡುವ, ಅಂಗೈಯಷ್ಟು ಅಗಲದ ಹಸಿರು ಹಲಗೆ. ಸೊಲ್ಲಾಪುರದ ಹಳೆ ಸಾಮಾನಿನ ಬಜಾರಿನಲ್ಲಿ ಜೋಡಿ ಕಾರ್ಡ್ ಸಿಕ್ಕಿದ್ದವು. ಒಂದು ನಮಗೆ, ಇನ್ನೊಂದು ಅಪ್ಪನ ಜೊತೆ ಅದೇ ಜೀಪಿನಲ್ಲಿ ಹೋಗಿದ್ದ ಅಫಜಲಪುರದ ಲಗ್ನದ ವಿಡಿಯೋದವರಿಗೆ. ಕಾರ್ಡಿನ ಮೇಲೆ ಕಂಪನಿ ಹೆಸರಿಲ್ಲ, ಊರಿಲ್ಲ, ತಂದೆತಾಯಿಯ ಸುಳಿವಿಲ್ಲ. ನಾನು ಕಂಪ್ಯೂಟರಿಗೆ ಹೈದರಾಬಾದಿನಿಂದ ಬಂದ ಒಂದು ಸಿಡಿಯಿಂದ ಲಿನಕ್ಸ್ ಹಾಕಿಕೊಂಡಿದ್ದೆ. ಅದು ಎಲ್ಲರಿಗೂ ಪುಕ್ಕಟೆ ಸಿಗುವ, ಒಳಗಿನ ಕೋಡನ್ನೆಲ್ಲ ತೆರೆದಿಟ್ಟಿರುವ ಆಪರೇಟಿಂಗ್ ಸಿಸ್ಟಮ್. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಕಳಿಸಬಹುದು. ಅದರ ಜೀವ ಇರುವುದು ಕರ್ನಲ್ ಎಂಬ ಒಳಭಾಗದಲ್ಲಿ. ಆ ಕರ್ನಲ್‌ಗೆ ನಮ್ಮ ಅನಾಥ ಕಾರ್ಡಿನ ಪರಿಚಯವೇ ಇರಲಿಲ್ಲ. ಹೀಗಾಗಿ ಕಂಪ್ಯೂಟರ್ ಮೂಗ.

ಇಂಥಲ್ಲಿ ಬೇಕಾಗುವುದು ಡ್ರೈವರ್ ಎಂಬ ಪ್ರೋಗ್ರಾಮ್. ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಇದನ್ನು ಹತ್ತು ಪುಟ ವಿವರಿಸುತ್ತಾರೆ. ನನಗೆ ಒಂದು ಸಾಲು ಸಾಕಾಯಿತು: ಕಾರ್ಡ್ ರೈತ, ಕರ್ನಲ್ ಖರೀದಿದಾರ, ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಿಲ್ಲ, ನಡುವೆ ಕೂತವನು ಡ್ರೈವರ್. ಅಂದರೆ ದಲಾಲಿ. ಅದು ನಮ್ಮ ಮನೆತನದ ದಂಧೆಯೇ ಆಯಿತಲ್ಲ! ಇದು ತಿಳಿದ ದಿನ ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಹಾರಿ ಕೆಳಗಿನ ತಕ್ಕಡಿಯಲ್ಲಿ ಬಿದ್ದು ಹಿರೋಳ್ಳಿಯ ಒಬ್ಬ ರೈತನ ತೂಕ ಏರಿತು.

ಬೇರೆ ಕಾರ್ಡಿನ ಡ್ರೈವರೊಂದನ್ನು ಮುಂದಿಟ್ಟುಕೊಂಡು, ಅಲ್ಲಿ ಕಿತ್ತು ಇಲ್ಲಿ ಹಚ್ಚಿ, ನಾನೊಂದು ಡ್ರೈವರ್ ಬರೆದೆ. ಮೊದಲ ಸಲ ಕಾರ್ಡ್ ಬಾಯಿ ತೆರೆದಾಗ ಬಂದ ದನಿಗೆ ಕೆಳಗೆ ವ್ಯಾಪಾರ ನಿಂತುಹೋಯಿತು.

"ಮ್ಯಾಲ ಯಾರಲೇ ಕುರಿ ಕಟ್ಟಿದವ್ರು?" ಅಪ್ಪ ಕೂಗಿದರು.

"ಕುರಿ ಅಲ್ರಿ ಅಪ್ಪಾ, ಸಂಗೀತ!"

"ಹಂಗಾರ ಆ ಸಂಗೀತಕ್ಕ ಜರಾ ಹುಲ್ಲ್ ಹಾಕು."

ಮುಂದೆ ದಿನಗಟ್ಟಲೆ ತಿದ್ದಿದ ಮೇಲೆ ಕುರಿ ಮನುಷ್ಯನಾಗಿ, ಮನುಷ್ಯ ಗಾಯಕನಾಗಿ, ಕಾರ್ಡ್ ಸಿನಿಮಾ ಹಾಡು ಹಾಡಿತು. ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಮರುದಿನವೇ ಕಾಲೇಜಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದವರಿಗೂ ಸಾರಿದೆ: ನನ್ನ ಡ್ರೈವರ್ ಕರ್ನಲ್ ಒಳಗೇ ಸೇರುತ್ತದೆ, ಇನ್ನು ಮುಂದೆ ಅಮೆರಿಕದಲ್ಲಿ ಲಿನಕ್ಸ್ ಹಾಕಿಕೊಂಡವನ ಕಂಪ್ಯೂಟರಿನಲ್ಲೂ ನನ್ನ ಹೆಸರಿನ ಮುಂದೆ ‘ಆಳಂದ’ ಎಂದು ಇರುತ್ತದೆ. ಕ್ಷೌರದವನು ಮಾತ್ರ, "ಇರ್ಲಿ ತಗೋ. ಯಾವಾಗ ಇರ್ತದ?" ಎಂದು ಕೇಳಿ ನನ್ನನ್ನು ಸಿಕ್ಕಿಸಿದ. "ತೊಗರಿ ಸೀಸನ್ ಮುಗಿಯೂದ್ರೊಳಗ" ಎಂದುಬಿಟ್ಟೆ.

ಬಾಯಿಗೆ ಬಂದದ್ದನ್ನು ಹೇಳಿದ್ದಲ್ಲ. ಅದೇ ನನ್ನ ಗಡುವಾಗಿತ್ತು. ಜೇವರ್ಗಿಯಲ್ಲಿ ನನ್ನ ಸೋದರಮಾವ ಟೈಪಿಂಗ್ ಕ್ಲಾಸ್ ನಡೆಸುತ್ತಾನೆ. ಅಲ್ಲಿಗೊಂದು ಕಂಪ್ಯೂಟರ್ ಬಂದರೆ ಕ್ಲಾಸಿನ ದರ್ಜೆಯೇ ಏರುತ್ತದೆ ಎಂದು ಅವನು ಅವ್ವನ ಮುಂದೆ ಉಸಿರುಬಿಟ್ಟಿದ್ದ. ಅವ್ವ ಅಲ್ಲೇ ಮಾತು ಕೊಟ್ಟಿದ್ದಳು: ಸೀಸನ್ ಮುಗಿದ ಮೇಲೆ ಟೆಂಪೋ ತಗೊಂಡು ಬಾ, ಒಯ್ಯಿ, ಇದ್ದರೆ ಈ ಹುಡುಗ ಪರೀಕ್ಷೆಗೆ ಓದಂಗಿಲ್ಲ. ಅವ್ವ ತವರಿಗೆ ಕೊಟ್ಟ ಮಾತನ್ನು ತಿರುಗಿಸಲು ಅಪ್ಪನಿಂದಲೂ ಆಗುವುದಿಲ್ಲ. ಕಂಪ್ಯೂಟರ್ ಹೋದರೆ ಕಾರ್ಡ್ ಹೋಯಿತು. ಕಾರ್ಡ್ ಹೋದರೆ ಡ್ರೈವರ್ ಪರೀಕ್ಷಿಸುವುದು ಯಾವುದರ ಮೇಲೆ? ಟೆಂಪೋ ಬರುವುದರೊಳಗೆ ನನ್ನ ಡ್ರೈವರ್ ಕರ್ನಲ್ ಸೇರಬೇಕು. ಇಲ್ಲದಿದ್ದರೆ ಆಳಂದದಲ್ಲಿ ನಾನು ಗಡ್ಡ ಬಿಟ್ಟುಕೊಂಡೇ ಓಡಾಡಬೇಕು.

ಈಗ ಕಳಿಸುವ ಮಾತು. ಸೌಂಡ್ ವಿಭಾಗಕ್ಕೆ ಯುರೋಪಿನ ಎಲ್ಲೋ ಕೂತ ಒಬ್ಬ ಯಜಮಾನನಿದ್ದ. ಅವನು ಒಪ್ಪಿದ್ದು ಮಾತ್ರ ಕರ್ನಲ್ ಸೇರುತ್ತದೆ. ಅವನಿಗೆ ಇ-ಮೇಲ್ ಕಳಿಸಬೇಕೆಂದರೆ ನಮ್ಮ ಫೋನಿನಿಂದ ಗುಲ್ಬರ್ಗಾಕ್ಕೆ ಮಾಡೆಮ್ ಹಚ್ಚಬೇಕು, ಅದು ಕಂಪ್ಯೂಟರಿನ ಮಾತನ್ನು ಕಿರುಚಾಟ ಮಾಡಿ ಫೋನ್ ತಂತಿಗೆ ಏರಿಸುತ್ತದೆ. ಫೋನ್ ಇದ್ದದ್ದು ಕೆಳಗಿನ ಗಾದಿಯ ಮೇಲೆ, ಅದರದೇ ಒಂದು ಎಳೆ ಮಾಳಿಗೆಗೆ. ಕೆಳಗೆ ಮುನೀಮರು ರಿಸೀವರ್ ಎತ್ತಿದರೆ ಮೇಲೆ ನನ್ನ ಲೈನ್ ಢಮಾರ್. ಒಮ್ಮೆ ಅವರು ಸೊಲ್ಲಾಪುರದ ತೊಗರಿ ದರ ಕೇಳಲು ರಿಸೀವರ್ ಕಿವಿಗಿಟ್ಟುಕೊಂಡವರು ಹಾಗೇ ಎಸೆದು, "ಸಾವಕಾರ್ರ, ಫೋನ್‌ನ್ಯಾಗ ಯಾರೋ ಕೋಳಿ ಕೊಯ್ಯಾಕತ್ತಾರ್ರಿ!" ಎಂದು ಬೀದಿಗೆ ಓಡಿದ್ದರು. ಅಂಥ ಲೈನಿನ ಮೇಲೆ ನಾನು ಯುರೋಪ್ ಮುಟ್ಟಬೇಕಾಗಿತ್ತು.

ನಾನು ಹುಟ್ಟಿದ್ದೇ ವ್ಯಾಪಾರದ ಮನೆಯಲ್ಲಿ. ಮಾಲು ಹೇಗೆ ದಾಟಿಸಬೇಕೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮಲ್ಲಿ ಮೊದಲು ಹೋಗುವುದು ನಮೂನೆ. ವಸ್ತ್ರದಲ್ಲಿ ಕಟ್ಟಿದ ಒಂದು ಮುಷ್ಟಿ ಕಾಳು. ಖರೀದಿದಾರ ಅದನ್ನು ಅಂಗೈಗೆ ಸುರುವಿಕೊಂಡು ಊದುತ್ತಾನೆ, ಒಂದು ಕಾಳು ಕಚ್ಚುತ್ತಾನೆ, ಮುಖ ಕಿವುಚುತ್ತಾನೆ. ಆಮೇಲೆ ಅಪ್ಪನೂ ಅವನೂ ಒಂದು ಟವೆಲಿನ ಕೆಳಗೆ ಕೈ ಇಟ್ಟು ಬೆರಳು ಹಿಡಿದು ದರ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಟವೆಲ್ ಮಾತ್ರ. ಅದೆಲ್ಲ ಕುದುರಿದ ಮೇಲೆ ಚೀಲ ಇಳಿಸುವುದು. ದರ ಕುದುರುವ ಮುಂಚೆ ಬೀದಿಯಲ್ಲಿ ಚೀಲ ಸುರುವುವವನಿಗೆ ನಮ್ಮ ಬಜಾರಿನಲ್ಲಿ ಹೆಣ್ಣು ಕೊಡುವುದಿಲ್ಲ.

ಅದಕ್ಕೇ ನಾನು ಯಜಮಾನನೊಬ್ಬನಿಗೇ, ಬೇರೆ ಯಾರಿಗೂ ಕಾಣದ ಹಾಗೆ, ಡ್ರೈವರಿನ ಒಂದು ಮುಷ್ಟಿ ಕಳಿಸಿದೆ. ನಡುವಿನ ಒಳ್ಳೊಳ್ಳೆ ಸಾಲು ಆರಿಸಿ, ಕಾರ್ಡನ್ನು ಎಬ್ಬಿಸುವ ಭಾಗವನ್ನಷ್ಟೇ ಇಟ್ಟೆ. ಮೇಲೆ ‘ಶರಣು ಶರಣಾರ್ಥಿ’, ಕೆಳಗೆ ‘ಮಾಲು ಪಸಂದ್ ಬಂದರೆ ತಿಳಿಸಿ, ಉಳಿದದ್ದು ಕಳಿಸುತ್ತೇನೆ’, ಅದರ ಕೆಳಗೆ ನನ್ನ ಹೆಸರು, ಹೆಸರಿನ ಮುಂದೆ ‘ಮ್ಯಾನೇಜಿಂಗ್ ಡೈರೆಕ್ಟರ್’. ಎಲ್ಲಿಯ ಡೈರೆಕ್ಟರ್ ಎಂದು ಬರೆಯಲಿಲ್ಲ. ಅಷ್ಟು ವಿನಯ ನನಗೂ ಇದೆ.

ಉತ್ತರ ಬಂತು. ಉದ್ದವಿರಲಿಲ್ಲ. ಉಳಿದ ಕೋಡ್ ಎಲ್ಲಿ, ಇಷ್ಟರಿಂದ ಏನೂ ನಡೆಯುವುದಿಲ್ಲ, ನನಗೊಬ್ಬನಿಗೇ ಬರೆಯಬೇಡ, ಎಲ್ಲರೂ ಇರುವ ಮೇಲಿಂಗ್ ಲಿಸ್ಟಿಗೆ ಕಳಿಸು. ಬೇರೆ ಯಾರಾದರೂ ಆಗಿದ್ದರೆ ಅಂಜುತ್ತಿದ್ದರು. ನಾನು ಕುಣಿದಾಡಿದೆ. ಕಾಳು ಕಚ್ಚಿ ಮುಖ ಕಿವುಚಿದ್ದಾನೆ! ಮಾಲಿನಲ್ಲಿ ಕುಂದು ಹುಡುಕುವ ಖರೀದಿದಾರನೇ ಕೊಳ್ಳುವ ಖರೀದಿದಾರ. ಇಂಥ ಹೊತ್ತಿನಲ್ಲಿ ತಟ್ಟನೆ ಉತ್ತರ ಕೊಟ್ಟರೆ ಮಾರುವವನಿಗೆ ಗರಜು ಇದೆ ಎಂದು ಗೊತ್ತಾಗುತ್ತದೆ. ಸುಮ್ಮನೆ ಕೂತೆ. ಅವನೇ ಬರಲಿ.

ಅವನೂ ಸುಮ್ಮನೆ ಕೂತ. ಒಂದು ವಾರ ಹೋಯಿತು, ಇನ್ನೊಂದು ಹೋಯಿತು. ಕೆಳಗೆ ಚೀಲಗಳ ಸಾಲು ಕರಗುತ್ತ ಬಂತು. ನಾನು ದಿನಾ ಫೋನ್ ಹಚ್ಚಿ ನೋಡುತ್ತಿದ್ದೆ, ಇ-ಮೇಲ್ ಡಬ್ಬಿ ಖಾಲಿ. ಇಂಥ ಗಟ್ಟಿ ವ್ಯಾಪಾರಿಯನ್ನು ನಾನು ನಮ್ಮ ಬಜಾರಿನಲ್ಲೂ ಕಂಡಿರಲಿಲ್ಲ. ಕಡೆಗೆ ಅಪ್ಪ ಚಹಾ ಕುಡಿಯುವಾಗ ಮೆಲ್ಲಗೆ ಕೇಳಿದೆ.

"ಅಪ್ಪಾ, ಖರೀದಿದಾರ ನಮೂನಿ ನೋಡಿ ಸುಮ್ಮ ಕುಂತ್ರ ಏನ್ ಮಾಡಬೇಕ್ರಿ?"

"ದರ ಜಾಸ್ತಿ ಹೇಳಿರಬೇಕು. ಎಷ್ಟ್ ಹೇಳೀದಿ?"

"ದರ ಹೇಳಿಲ್ರಿ. ಪುಕ್ಕಟ್ ಅದ."

ಅಪ್ಪನ ಕೈಯಲ್ಲಿನ ಚಹಾದ ಬಸಿ ಗಾಳಿಯಲ್ಲೇ ನಿಂತಿತು. "ಏನಂದಿ?"

"ಪುಕ್ಕಟ್ ಕೊಡಾಕತ್ತೇನ್ರಿ. ಎಲ್ಲಾರೂ ಹಂಗೇ ಕೊಡ್ತಾರಲ್ಲಿ."

"ಪುಕ್ಕಟ್ ಕೊಡೋ ಮಾಲಿಗಿ ನಮೂನಿ ಕಳಿಸೀದಿ? ಮ್ಯಾಲ ಟವೆಲ್ ಮುಚ್ಚೀದಿ?" ಅಪ್ಪ ಮುನೀಮರ ಕಡೆ ತಿರುಗಿದರು. "ಕೇಳಿದ್ರ್ಯಾ? ಗಾಡಿ ತಿರುವಿ ಅವನ ಬಾಗಿಲಾಗ ಸುರುವಿ ಓಡಿ ಬರಬೇಕಲೇ ಹುಚ್ಚಪ್ಯಾಲಿ! ಪುಕ್ಕಟ್ ಕೊಡಾಂವ ಗತ್ತು ಮಾಡ್ತಾನ, ತಗೊಳ್ಳಾಂವ ಕಾಯಬೇಕ?"

ಸರಿ, ಸುರುವಿದೆ. ಮೇಲಿಂಗ್ ಲಿಸ್ಟ್ ಎಂದರೆ ಒಬ್ಬ ಕೂಗಿದ್ದು ಸಾವಿರ ಮನೆಗೆ ಕೇಳುವ ಸಂತೆ. ಅಲ್ಲಿಗೆ ಇಡೀ ಡ್ರೈವರನ್ನೇ ಕಳಿಸಿದೆ. ಇಂಥ ತಿದ್ದುಪಡಿಯ ಕಟ್ಟಿಗೆ ಅವರು ಪ್ಯಾಚ್ ಎನ್ನುತ್ತಾರೆ. ಆದರೆ ಬರೀ ಡ್ರೈವರ್ ಕಳಿಸಿದರೆ ನಮ್ಮ ಮನೆತನದ ಮರ್ಯಾದೆ ಏನಾಗಬೇಕು? ತಕ್ಕಡಿ ಸಮ ನಿಂತ ಮೇಲೆ ಅಪ್ಪ ಯಾವಾಗಲೂ ಮೇಲೊಂದು ಹಿಡಿ ಕಾಳು ಹಾಕುತ್ತಾರೆ. ಹಾಕದವನನ್ನು ಕಂಜೂಸ್ ಎನ್ನುತ್ತಾರೆ. ನಾನೂ ಮೇಲೊಂದು ಹಿಡಿ ಹಾಕಿದೆ. ಪಕ್ಕದ ಡ್ರೈವರಿನಲ್ಲಿ ಯಾರೋ ಇಂಗ್ಲಿಷ್ ತಪ್ಪು ಬರೆದಿದ್ದರು, ತಿದ್ದಿದೆ. ಇನ್ನೊಬ್ಬರ ಸಾಲುಗಳು ಸೊಟ್ಟ ನಿಂತಿದ್ದವು, ನೆಟ್ಟಗೆ ಮಾಡಿದೆ. ಕಂಪ್ಯೂಟರ್ ಶುರುವಾಗುವಾಗ ಪರದೆಯ ಮೇಲೆ ‘ಆಳಂದದಿಂದ ನಮಸ್ಕಾರ’ ಎಂದು ಬರುವ ಹಾಗೆ, ಸುತ್ತ ಚುಕ್ಕಿಯ ರಂಗೋಲಿ ಸಮೇತ, ಒಂದು ಸಣ್ಣ ಏರ್ಪಾಟು ಮಾಡಿದೆ. ಇಷ್ಟು ಧಾರಾಳ ಮಾಲು ಅವರು ಜನ್ಮದಲ್ಲಿ ಕಂಡಿರಲಿಕ್ಕಿಲ್ಲ.

ಕಂಡಿರಲಿಲ್ಲ ಎಂಬುದು ಉತ್ತರಗಳಿಂದ ತಿಳಿಯಿತು. ಒಬ್ಬ, ನನ್ನ ಫೈಲ್ ಮುಟ್ಟಲು ನೀನು ಯಾರು ಎಂದ. ಇನ್ನೊಬ್ಬ, ಆಳಂದ ಎಂದರೆ ಯಾವ ರೋಗ ಎಂದು ಕೇಳಿದ. ನಮ್ಮ ಯಜಮಾನ ಮಾತ್ರ ಸಾಲು ಸಾಲಾಗಿ ಬರೆದಿದ್ದ: ಒಂದು ಪ್ಯಾಚಿನಲ್ಲಿ ಒಂದೇ ಕೆಲಸ. ಮೇಲಿನದ್ದೆಲ್ಲ ತೆಗೆ. ರಂಗೋಲಿ ತೆಗೆ. ಜೊತೆಗೆ, ನೀನು ಕಳಿಸಿದ ಸಾಲುಗಳ ಮುಂದೆ ಟ್ಯಾಬ್ ಇರಬೇಕಾದಲ್ಲೆಲ್ಲ ಸ್ಪೇಸ್ ಇವೆ, ನಿನ್ನ ಇ-ಮೇಲ್ ಪ್ರೋಗ್ರಾಮ್ ಅವನ್ನು ಕೆಡಿಸಿದೆ, ಸರಿಮಾಡಿ ಮತ್ತೆ ಕಳಿಸು.

ಇದನ್ನು ಓದಿ ನನ್ನ ತಲೆಯ ಮೇಲೆ ಚಹಾದ ಕಿಟ್ಲಿ ಇಟ್ಟಿದ್ದರೆ ಕುದಿಯುತ್ತಿತ್ತು. ಟ್ಯಾಬ್ ಎಂದರೆ ಖಾಲಿ ಜಾಗ. ಸ್ಪೇಸ್ ಎಂದರೂ ಖಾಲಿ ಜಾಗ. ಖಾಲಿಗೂ ಖಾಲಿಗೂ ಏನು ಫರಕು? ಉಪವಾಸದಲ್ಲೂ ಬೆಂಗಳೂರಿನದು ಬೇರೆ, ಗುಲ್ಬರ್ಗಾದ್ದು ಬೇರೆ ಎಂದ ಹಾಗಾಯಿತು. ಕೆಳಗಿಳಿದಾಗ ಅಪ್ಪನೇ ಕೇಳಿದರು.

"ಎಲ್ಲೀತನ ಬಂತಲೇ ನಿನ್ನ ಮಾಲು?"

"ವಾಪಸ್ ಬಂತ್ರಿ."

"ವಾಪಸ್?" ಅಪ್ಪ ಗಾದಿಯ ಮೇಲೆ ನೆಟ್ಟಗಾದರು. "ನಮ್ಮ ಮನಿ ಮಾಲು? ನಿಮ್ಮ ಮುತ್ತ್ಯಾನ ಕಾಲದಿಂದ ನಮ್ಮ ಅಂಗಡಿಂದ ಹೋದ ಚೀಲ ವಾಪಸ್ ಬಂದಿಲ್ಲ. ಅದೂ ಪುಕ್ಕಟ್ ಮಾಲು! ಏನ್ ಖೋಡಿ ತಗದಾನ?"

"ಮ್ಯಾಲ ಹಾಕಿದ ಹಿಡಿ ಬ್ಯಾಡಂತ್ರಿ."

"ಬ್ಯಾಡ? ಹಿಡಿ ಬ್ಯಾಡಂದಾನ?" ಅಪ್ಪ ಇಂಥ ಮನುಷ್ಯನನ್ನು ಕಲ್ಪಿಸಿಕೊಳ್ಳಲು ಕಣ್ಣು ಮುಚ್ಚಿದರು. "ಮತ್ತ?"

"ಖಾಲಿ ಜಾಗದಾಗ ಹರಳು ಅದಾವಂತ್ರಿ. ಕಣ್ಣಿಗಿ ಕಾಣಂಗಿಲ್ಲ, ಖರೇ ಅದಾವಂತ."

ಅಪ್ಪ ಬೈಯುತ್ತಾರೆ ಎಂದು ನಾನು ಹಿಂದೆ ಸರಿದು ನಿಂತೆ.

"ಅಂವ ದೊಡ್ಡಾಂವ ಇದ್ದಾನ" ಎಂದರು ಅಪ್ಪ, ದನಿ ಇಳಿಸಿ. "ಕಾಣೂ ಹರಳು ಯಾರ್ ಬೇಕಾದ್ರೂ ಆರಿಸ್ತಾರ. ಅಂವ ಹೇಳಿದಂಗ ಕೊಡು. ನಮ್ಮ ಮಾಲು ವಾಪಸ್ ಬಂತಂತ ಬಜಾರದಾಗ ಬಾಯಿ ಬಿಡಬ್ಯಾಡ."

ಅವತ್ತಿನಿಂದ ಅಪ್ಪ ನನ್ನ ಪಕ್ಷ. ಇದು ಇನ್ನೊಂದು ಕಾಟ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದರೆ ಅವರ ಮೊದಲ ಮಾತು, "ಅಂವ ಏನಂದ?" ಹಿರೋಳ್ಳಿಯ ರೈತರಿಗೂ ವಿಷಯ ಗೊತ್ತಾಗಿ, ಅವರೂ ಚೀಲ ಇಳಿಸುತ್ತ, "ಏನಂದನ್ರಿ ಫಾರಿನ್‌ದಾಂವ?" ಎನ್ನತೊಡಗಿದರು. ಬಾಯಿ ಬಿಡಬೇಡ ಎಂದವರು ಯಾರು, ಬಿಟ್ಟವರು ಯಾರು ಎಂದು ನಾನು ಕೇಳಲಿಲ್ಲ.

ಹಿಡಿ ತೆಗೆದೆ, ರಂಗೋಲಿ ಅಳಿಸಿದೆ, ಖಾಲಿ ಜಾಗಗಳನ್ನು ಬೇರೆ ಖಾಲಿ ಜಾಗಗಳಿಂದ ತುಂಬಿದೆ. ಕಳಿಸಿದೆ. ಈಗಲಾದರೂ ಒಪ್ಪುತ್ತಾನೆ ಎಂದರೆ ಯಜಮಾನ ಹೊಸ ರಾಗ ತೆಗೆದ: ಇದು ನಿನ್ನ ಒಂದೇ ಕಾರ್ಡಿನ ಮೇಲೆ ನಡೆದಿದೆ, ಇದೇ ಜಾತಿಯ ಇನ್ನೊಂದು ಕಾರ್ಡಿನ ಮೇಲೆ ನಡೆಯುತ್ತದೆಯೇ?

ಜೋಡಿಯ ಇನ್ನೊಂದು ಕಾರ್ಡ್ ಇದ್ದದ್ದು ಅಫಜಲಪುರದಲ್ಲಿ. ನಾನು ಹಾರ್ಡ್ ಡಿಸ್ಕ್ ಬಿಚ್ಚಿ, ರೊಟ್ಟಿ ಬುತ್ತಿಯ ಹಾಗೆ ಬಟ್ಟೆಯಲ್ಲಿ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸ್ ಹತ್ತಿದೆ. ಕಡಗಂಚಿ ದಾಟುವುದರೊಳಗೆ ಪಕ್ಕದ ಅಜ್ಜನಿಗೆ ನನ್ನ ಪ್ರಾಣಭಯ ಅರ್ಥವಾಗಿ, ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ಅವನೂ ನನ್ನ ಗಂಟಿಗೆ ಕೈ ಆನಿಸುತ್ತಿದ್ದ. ಗುಲ್ಬರ್ಗಾದಲ್ಲಿ ಅಜ್ಜನೂ ನಾನೂ ಒಟ್ಟಿಗೇ ಬಸ್ ಬದಲಿಸಿ ಗೊಬ್ಬೂರು ಮುಟ್ಟಿದಾಗ ಕಂಡಕ್ಟರ್ ಕೇಳಿಯೇಬಿಟ್ಟ.

"ಏನದಲೇ ತಮ್ಮಾ ಅದ್ರಾಗ? ಕೂಸಿನಂಗ ಹಿಡಕೊಂಡೀದಿ."

"ಕಂಪ್ಯೂಟರಿನ ಮಿದುಳ್ರಿ."

"ನಿಂದು ಎಲ್ಲಿಟ್ಟು ಬಂದಿ?"

ಇಡೀ ಬಸ್ಸು ನಕ್ಕಿತು. ಅಜ್ಜನೂ ನಕ್ಕ, ಆದರೆ ಕೈ ತೆಗೆಯಲಿಲ್ಲ.

ಅಫಜಲಪುರದ ವಿಡಿಯೋದವರು ಲಗ್ನದ ಕ್ಯಾಸೆಟ್ಟಿಗೆ ಶಹನಾಯಿ ಕೂಡಿಸುವ ಕೆಲಸದಲ್ಲಿದ್ದರು. ಮದುಮಗಳ ಕಡೆಯವರು ಸಂಜೆಗೆ ಕ್ಯಾಸೆಟ್ ಒಯ್ಯಲು ಬರುವವರಿದ್ದರು. "ಜರಾ ಹತ್ತು ಮಿನಿಟ್ರಿ ಕಾಕಾ" ಎಂದು ಅವರನ್ನು ಎಬ್ಬಿಸಿ, ಅವರ ಹಾರ್ಡ್ ಡಿಸ್ಕ್ ಬಿಚ್ಚಿ ನನ್ನದನ್ನು ಸಿಕ್ಕಿಸಿ, ಅವರದೇ ಸಿಡಿಯ ಶಹನಾಯಿಯನ್ನು ನನ್ನ ಡ್ರೈವರಿನಿಂದ ನುಡಿಸಿದೆ. ದನಿ ಬಂತು. ಬಂತು ಎಂದರೆ, ಬೆನ್ನು ಹತ್ತಿದ ನಾಯಿಗೆ ಅಂಜಿ ಓಡುವವನ ಹಾಗೆ ಬಂತು. ಎರಡು ಪಟ್ಟು ವೇಗ, ಸೂಜಿಯಂಥ ಸಣ್ಣ ದನಿ. ಪಕ್ಕದ ಟಿವಿಯಲ್ಲಿ ಓಡುತ್ತಿದ್ದ ಲಗ್ನದಲ್ಲಿ ಇನ್ನೂ ಅಕ್ಷತೆ ಹಾಕುವ ಯೋಚನೆಯೂ ಬರದಿರುವಾಗ ಶಹನಾಯಿ ಮದುಮಗಳನ್ನು ಗಂಡನ ಮನೆಗೆ ಕಳಿಸಿ ಮುಗಿಸಿತ್ತು.

ವಿಡಿಯೋದವರು ಕಿವಿಯಿಂದ ಕೈ ತೆಗೆದು, "ತಮ್ಮಾ, ಇದ್ಯಾರ ಲಗ್ನ? ಸೊಳ್ಳಿಗೋಳ್ದೇನು?" ಎಂದರು.

"ನಮ್ಮನಿಯಾಗ ಬರೋಬರಿ ನುಡೀತದ್ರಿ ಕಾಕಾ."

"ಹಂಗಾರ ಲಗ್ನಾನೂ ನಿಮ್ಮನಿಯಾಗೇ ಇಟ್ಗೋ. ನನ್ನ ಮಿಷನ್ ಮದಲಿದ್ದಂಗ ಮಾಡಿ ಕೊಡು. ಇನ್ನೊಮ್ಮಿ ಈ ಹೊಸ್ತಿಲ ದಾಟೀದಿ ಅಂದ್ರ ನಿಮ್ಮಪ್ಪಗ ಹೇಳಿ ಕಾಲು ಮುರಿಸ್ತೇನಿ."

ಎರಡೂ ಹಲಗೆ ಪಕ್ಕಪಕ್ಕ ಇಟ್ಟು ನೋಡಬೇಕೆಂದಿದ್ದರೂ ನನ್ನದು ಆಳಂದದಲ್ಲಿತ್ತು. ಅವರದನ್ನು ಕಣ್ಣು ತುಂಬ ನೋಡಿಕೊಂಡು ಮನೆಗೆ ಬಂದು ನನ್ನದನ್ನು ನೋಡಿದರೆ ಗುಟ್ಟು ಒಡೆಯಿತು. ಕಾರ್ಡಿನ ಮೇಲೆ ತಾಳ ಹಾಕುವ ಒಂದು ಬೆಳ್ಳಿಬಣ್ಣದ ಸಣ್ಣ ಡಬ್ಬಿ ಇರುತ್ತದೆ, ಕ್ರಿಸ್ಟಲ್ ಎನ್ನುತ್ತಾರೆ. ಅವರ ಕಾರ್ಡಿನ ಕ್ರಿಸ್ಟಲ್ ನನ್ನದಕ್ಕಿಂತ ಎರಡು ಪಟ್ಟು ವೇಗದ್ದು. ಜೋಡಿ ಎಂದು ತಂದವು ಜೋಡಿಯೇ ಆಗಿರಲಿಲ್ಲ. ಕಾರ್ಡಿನ ಚಿಪ್ಪನ್ನು ಕೇಳಿದರೆ ಅದು ತಾನು ಹಳೆಯದೋ ಹೊಸದೋ ಎಂದು ಹೇಳುತ್ತದೆ, ಅದನ್ನು ನೋಡಿ ತಾಳ ಬದಲಿಸಬೇಕಾಗಿತ್ತು. ಯಜಮಾನ ಕೇಳದೆ ಇದ್ದಿದ್ದರೆ ಅರ್ಧ ಜಗತ್ತಿನಲ್ಲಿ ಸೊಳ್ಳೆಗಳ ಲಗ್ನ ನಡೆಯುತ್ತಿತ್ತು. ಅವನು ಹೇಳಿದ್ದು ಸರಿಯಾಗಿತ್ತು. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಇದೇ. ತಪ್ಪು ಹೇಳುವವನನ್ನು ಬೈದು ಹಗುರಾಗಬಹುದು. ಸರಿ ಹೇಳುವವನನ್ನು ಏನು ಮಾಡುತ್ತೀರಿ?

ತಿದ್ದಿ ಕಳಿಸುವಷ್ಟರಲ್ಲಿ ಅಂಗಡಿಯ ಮುಂದೆ ಚೀಲಗಳ ಜಾಗದಲ್ಲಿ ಕಸಬರಿಗೆ ಆಡುತ್ತಿತ್ತು. ಸೀಸನ್ ಮುಗಿದಿತ್ತು. ಅವ್ವ ಜೇವರ್ಗಿಗೆ ಫೋನ್ ಮಾಡಿ, ನನ್ನ ಮುಂದೆಯೇ, ನನ್ನ ಮುಖ ನೋಡುತ್ತಲೇ, "ನಾಳಿ ಬಾರೋ, ಟೆಂಪೋ ದೊಡ್ಡದ್ ತಗೊಂಡು ಬಾ" ಎಂದಳು.

ಆ ನಾಳೆ ಮಧ್ಯಾಹ್ನ ಅಪ್ಪ ಊಟಕ್ಕೂ ಏಳಲಿಲ್ಲ. ಫೋನಿನ ಪಕ್ಕದಲ್ಲೇ ಕೂತು, "ಮುನೀಮರ, ಇವತ್ತ ಸೊಲ್ಲಾಪುರ ಮುಳುಗಿ ಹೋದ್ರೂ ಫೋನ್ ಎತ್ತಬ್ಯಾಡ್ರಿ" ಎಂದು ಆಜ್ಞೆ ಮಾಡಿದ್ದರು. ಮೇಲೆ ನಾನು ಮಾಡೆಮ್ ಹಚ್ಚಿದೆ. ಕೋಳಿ ಕೂಗಿತು, ಲೈನ್ ಸಿಕ್ಕಿತು, ಡಬ್ಬಿಯಲ್ಲಿ ಯಜಮಾನನ ಇ-ಮೇಲ್ ಕೂತಿತ್ತು.

ಚೆನ್ನಾಗಿದೆ, ತೆಗೆದುಕೊಳ್ಳುತ್ತೇನೆ.

ಇದನ್ನು ಎಷ್ಟು ಸಲ ಓದಿದೆನೋ, ಪರದೆಯ ಆ ಜಾಗ ಸವೆದಿರಬೇಕು. ಕೆಳಗೆ ಅಪ್ಪನಿಗೆ ಕೂಗಿದೆ, "ಅಪ್ಪಾ, ಪಸಂದ್ ಬಂತಂತ್ರಿ!" ಕೆಳಗಿನಿಂದ ಹಮಾಲರ ಸಿಳ್ಳೆ ಬಂತು. ಆಮೇಲೆ ನನ್ನ ಕಣ್ಣು ಮುಂದಿನ ಸಾಲಿಗೆ ಇಳಿಯಿತು. ಇಳಿಯಬಾರದಾಗಿತ್ತು.

ಒಂದೇ ಪ್ರಶ್ನೆ ಎಂದಿದ್ದ. ಇದನ್ನು ಮುಂದೆ ನೋಡಿಕೊಳ್ಳುವವರು ಯಾರು? ಯಾರ ಕೈಯಲ್ಲೂ ಕಾರ್ಡ್ ಇಲ್ಲದ ಡ್ರೈವರುಗಳು ಕೊಳೆತು ನಾರುವುದನ್ನು ನೋಡಿ ಸಾಕಾಗಿದೆ, ಅಂಥದನ್ನು ನಾನು ಒಳಗೆ ಬಿಡುವುದಿಲ್ಲ. ಕಾರ್ಡ್ ನಿನ್ನ ಬಳಿ ಇದೆಯೇ, ಮುಂದೆಯೂ ಇರುತ್ತದೆಯೇ? ಹೌದಾದರೆ ಇವತ್ತೇ ತಿಳಿಸು. ಸಂಜೆಗೆ ಈ ಆವೃತ್ತಿಯ ಬಾಗಿಲು ಮುಚ್ಚುತ್ತೇನೆ, ಆಮೇಲೆ ಹೊಸದೇನನ್ನೂ ಸೇರಿಸುವುದಿಲ್ಲ.

ಬೀದಿಯಲ್ಲಿ ಟೆಂಪೋ ಹಾರ್ನ್ ಕೇಳಿತು.

ಸುಳ್ಳು ಬರೆಯಬಹುದಿತ್ತು. ಆದರೆ ಕಾಣದ ಹರಳು ಆರಿಸುವ ಮನುಷ್ಯ ಅವನು, ಸುಳ್ಳು ಆರಿಸದೆ ಬಿಡುತ್ತಾನೆಯೇ? ನಾಳೆ ಯಾರೋ ಕಾರ್ಡ್ ಕೆಮ್ಮುತ್ತಿದೆ ಎಂದರೆ ನಾನು ಯಾವುದರ ಮೇಲೆ ಪರೀಕ್ಷಿಸಲಿ? ಅಫಜಲಪುರದ ಹೊಸ್ತಿಲು ನನ್ನ ಕಾಲಿಗೆ ಮುಗಿದಿತ್ತು. ಒಂದೇ ದಾರಿ. ಮಾಮಾ ಕಲಿಸುವುದು ಟೈಪಿಂಗು. ಟೈಪಿಂಗಿಗೆ ಶಹನಾಯಿ ಬೇಡ. ಕಾರ್ಡೊಂದು ನನ್ನ ಹತ್ತಿರ ಉಳಿದರೆ ಯಾರ ಕಂಪ್ಯೂಟರಿಗಾದರೂ ಸಿಕ್ಕಿಸಿ ನೋಡಬಹುದು. ನಾನು ಕಂಪ್ಯೂಟರಿನ ಮುಚ್ಚಳ ಬಿಚ್ಚಿದೆ. ನಡೆಯುತ್ತಿರುವ ಕಂಪ್ಯೂಟರಿನಿಂದ ಕಾರ್ಡ್ ಕೀಳಬಾರದು ಎಂದು ಪುಸ್ತಕದಲ್ಲಿ ಬರೆದಿದೆ. ಪುಸ್ತಕ ಬರೆದವನಿಗೆ ಜೇವರ್ಗಿಯಲ್ಲಿ ಮಾಮಾ ಇರಲಿಲ್ಲ. ಕಣ್ಣು ಮುಚ್ಚಿ ಎಳೆದೆ. ಪರದೆ ಒಮ್ಮೆ ಕಣ್ಣು ಹೊಡೆದು ಮತ್ತೆ ನೆಟ್ಟಗಾಯಿತು. ಎಡಗೈಯಲ್ಲಿ ಕಾರ್ಡ್ ಬೆಚ್ಚಗಿತ್ತು. ಬಲಗೈಯಿಂದ ಬರೆದೆ: ಹೌದು, ಕಾರ್ಡ್ ನನ್ನ ಕೈಯಲ್ಲೇ ಇದೆ, ಮುಂದೆಯೂ ಇರುತ್ತದೆ. ಇನ್ನೇನು ಕಳಿಸುವ ಕೀಲಿ ಒತ್ತಬೇಕು.

ಬಾಗಿಲಲ್ಲಿ ಅವ್ವ. ಅವಳ ಹಿಂದೆ ಹಗ್ಗ ಹಿಡಿದುಕೊಂಡು ಮಾಮಾ.

"ಅದೇನಲೇ ಕೈಯಾಗ?"

"ಏನಿಲ್ಲಬೇ ಅವ್ವಾ. ಕಸ."

ಮಾಮಾ ಬಗ್ಗಿ ನೋಡಿದ. "ಕಸ ಭಾಳ ಚಂದ ಹೊಳ್ಯಾಕತ್ತದ ನೋಡಕ್ಕಾ."

ಅವ್ವ ನನ್ನ ಕೈ ನೋಡಿದಳು, ಹೊಟ್ಟೆ ತೆರೆದು ಕೂತ ಕಂಪ್ಯೂಟರ್ ನೋಡಿದಳು. ಅವಳಿಗೆ ಕೋಡ್ ಬರುವುದಿಲ್ಲ, ಲೆಕ್ಕ ಬರುತ್ತದೆ.

"ಅವ್ವಾ, ಇದೊಂದು ಇಲ್ಲೇ ಇರ್ಲಿಬೇ. ಒಂದ್ ಮಿನಿಟ್ ತಡಿ, ನಾ ಈ ಕೀಲಿ ಒತ್ತಿಬಿಡ್ತೇನಿ. ಮಾಮಾಗ ಹಾಡು ಯಾಕ ಬೇಕು?"

"ನಿಮ್ಮಪ್ಪ ಕಂಡಕಂಡವರ ತಕ್ಕಡಿಗಿ ಮ್ಯಾಲ ಹಿಡಿ ಹಾಕ್ತಾರ" ಎಂದಳು ಅವ್ವ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ, "ನೀ ನನ್ನ ತವರಿಗಿ ಕೊಡೂದ್ರಾಗ ಹಿಡಿ ಕಡಿಮಿ ಮಾಡ್ತಿಯೇನಲೇ?"

ಕಾರ್ಡ್ ಮಾಮಾನ ಕಿಸೆಗೆ ಇಳಿಯಿತು. ಅವ್ವನ ಇನ್ನೊಂದು ಕೈ ಗೋಡೆಯ ಪ್ಲಗ್ಗಿನ ಮೇಲಿತ್ತು. ಪರದೆಯ ಮೇಲೆ ನನ್ನ ‘ಹೌದು’ ಮಿನುಗುತ್ತಲೇ ಇತ್ತು. ಕೆಳಗಿನಿಂದ, ಫೋನಿಗೆ ಕಾವಲು ಕೂತ ಅಪ್ಪನ ದನಿ ಮೆಟ್ಟಿಲು ಹತ್ತಿ ಬಂತು:

"ಹೋತೇನಲೇ ಮಾಲು?"

ಅವ್ವ ಪ್ಲಗ್ ಕಿತ್ತು ಕೆಳಗೆ ಕೂಗಿದಳು.

"ಹೋತ್ರಿ! ಜೇವರ್ಗಿಗಿ ಹೋತು!"